ಹಲಗಿಗೊಂದು ದಾರಿ

ನನ್ನ ಆಪಾನ ಮಗ ಸಿಂಧನೂರಿನಲ್ಲಿ ಒಂದೇ ಕೋಣೆಯ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದಾನೆ. 2023ರ ಮೊಹರಂಗೆ ಮುಂಚೆ ಮಸ್ಕಿ ಕಡೆಯ ಹಾಡುಗಾರರ ರಿವಾಯತ್ ಪದಗಳನ್ನು ಅಲ್ಲಿ ಧ್ವನಿಮುದ್ರಿಸಿದೆವು. ಹಾಡುವವರಲ್ಲಿ ಇಬ್ಬರು ಮುಸ್ಲಿಮರು, ಮೂವರು ಹಿಂದೂಗಳು. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನೋಡಿದವರಿಗೆ ಇದು ಹೊಸದಲ್ಲ.

ಕೈಯಲ್ಲಿ ಹಣ ಕಡಿಮೆಯಿತ್ತು. ಹಲಗಿ, ತಾಸೆ, ಸನಾದಿ, ಹಾರ್ಮೋನಿಯಂ ಎಲ್ಲವನ್ನೂ ಹುಡುಗ ಕಂಪ್ಯೂಟರಿನೊಳಗಿನ ಒಂದೇ ಸಾಫ್ಟ್‌ವೇರ್ ವಾದ್ಯದಿಂದ ನುಡಿಸಿದ. ಒಂದರೊಳಗೆ ಹಲವು ನಾದಗಳಿರುವ ಇಂಥ ವಾದ್ಯಕ್ಕೆ ಮಲ್ಟಿಟಿಂಬ್ರಲ್ ಎನ್ನುತ್ತಾರೆ. 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಒಂದೇ ಕೇಬಲ್ಲಿಗೆ 16 ಚಾನೆಲ್‌ಗಳು. ಹಲಗಿಗೆ ಒಂದು, ಸನಾದಿಗೆ ಇನ್ನೊಂದು ಕೊಟ್ಟರೆ ಯಾರ ಸ್ವರ ಅವರಿಗೆ ತಲುಪುತ್ತದೆ.

ನಲವತ್ತು ವರ್ಷ ಅಲಾಯಿ ಕುಣಿಯ ಮುಂದೆ ಹಲಗಿ ಬಾರಿಸಿದ ಕಾಕಾ ಲಿಂಗಸುಗೂರಿನಿಂದ ಬಂದರು. ನಾನು ಅವರನ್ನು ಕರೆದದ್ದು ಕೇಳುವುದಕ್ಕೆ, ಬಾರಿಸುವುದಕ್ಕಲ್ಲ. ಅವರು ಕಣ್ಣು ಮುಚ್ಚಿ ಕೇಳಿ, "ಮಾಸ್ತರ, ಸನಾದಿ ಚಲೋ ಐತಿ. ಹಲಗಿ ಬಾವ್ಯಾಗ ಬಿದ್ದಂಗೈತಿ" ಎಂದರು.

ನಿಜವೇ. ಒಳಬರುವ ಚಾನೆಲ್‌ಗಳು ಬೇರೆಯಾಗಿದ್ದರೂ ಹೊರಹೋಗುವ ಬಾಗಿಲು ಒಂದೇ ಆಗಿತ್ತು. ಸನಾದಿಗೆಂದು ಹಾಕಿದ ಪ್ರತಿಧ್ವನಿ ಹಲಗಿಯ ಏಟಿಗೂ ಅಂಟಿಕೊಂಡಿತ್ತು. ಹುಡುಗ ಸನಾದಿಯನ್ನು 1-2ನೇ ಔಟ್‌ಪುಟ್‌ನಲ್ಲೇ ಬಿಟ್ಟು ಹಲಗಿಯನ್ನು 3-4ಕ್ಕೆ ಕಳಿಸಿದ. ಹಲಗಿ ಪೂರ್ತಿ ನಿಂತೇಹೋಯಿತು! ವಾದ್ಯದಲ್ಲಿ ಔಟ್‌ಪುಟ್ ಬದಲಿಸಿದರೆ ಸಾಲದು, ಮಿಕ್ಸರಿನಲ್ಲೂ ಅದಕ್ಕೊಂದು ಟ್ರ್ಯಾಕ್ ತೆರೆಯಬೇಕು. ತೆರೆದ. ಪ್ರತಿಧ್ವನಿ ಸನಾದಿಗಷ್ಟೇ ಉಳಿಯಿತು. ಹಲಗಿಯ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಿತು.

ಕಾಕಾ ನಕ್ಕರು. "ಈಗ ಕೇಳ್ತೈತಿ. ಆದ್ರ ಹೆಜ್ಜಿ ಹಾಕೋರು ದಣದ್ರ ನಾವು ಕೈ ತಡದು ಬಾರಿಸ್ತೀವಿ. ಇದು ಯಾರ್ನ ನೋಡಿ ಬಾರಿಸ್ತೈತಿ?"

ಹುಡುಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಮರುದಿನ ಕಾಕಾ ಹಲಗಿ ತಂದರು. ಅಂಗಳದಲ್ಲಿ ರದ್ದಿ ಕಾಗದಕ್ಕೆ ಬೆಂಕಿ ಹಚ್ಚಿ ಚರ್ಮ ಕಾಸಿದರು. ಒಂದು ಮೈಕು ಸಾಕಾಯಿತು. ಕಂಪ್ಯೂಟರಿನ ಹಲಗಿಯನ್ನು ಮುಚ್ಚಿ, ಅದೇ ಜಾಗದಲ್ಲಿ ಕಾಕಾರ ಹಲಗಿಯನ್ನು ಕೂರಿಸಿದೆವು. ಹಾಡುಗಾರರಿಗೆ ಕೊಟ್ಟಷ್ಟೇ ಹಣ ಅವರಿಗೂ ಕೊಟ್ಟೆವು.

ಸನಾದಿ ಮಾತ್ರ ಇಂದಿಗೂ ಕಂಪ್ಯೂಟರಿನದೇ. ಪ್ರತಿವರ್ಷ ನಮ್ಮ ಮೇಳಕ್ಕೆ ಸನಾದಿ ಊದುವವನು ಮೊನ್ನೆ ಮಸ್ಕಿಯ ಸಂತೆಯಲ್ಲಿ ಎದುರಾದ. ಅವನು ನೋಡುವುದಕ್ಕೆ ಮೊದಲೇ ನಾನು ದಾರಿ ಬದಲಿಸಿದೆ.