ಬೆಳ್ಳಿ ಬಟ್ಟಲಿಗೆ ಬಹಿಷ್ಕಾರ

ಮೈಕ್ರೋವೇವ್ ಒಲೆಗೆ ಪಾತ್ರೆಗಳ ಕುಲಮರ್ಯಾದೆ ತಿಳಿಯದು. ಬೆಳ್ಳಿ, ತಾಮ್ರ, ಹಿತ್ತಾಳೆ ಯಾವುದೂ ಅದಕ್ಕೆ ಸಲ್ಲದು. ಲೋಹವು ಅಲೆಗಳನ್ನು ಹಿಂದಕ್ಕೆ ತಳ್ಳಿ, ಕೆಲವೊಮ್ಮೆ ಕಿಡಿಯನ್ನೂ ಹಾರಿಸುತ್ತದೆ. ಮೊಮ್ಮಗಳ ಹಾಲು ಬೆಳ್ಳಿಯ ಬಟ್ಟಲಿನಲ್ಲಿಯೇ ಬಿಸಿಯಾಗಬೇಕೆನ್ನುವ ನಮ್ಮ ತಾಯಿಯವರಿಗೆ ಇದನ್ನು ಒಪ್ಪಿಸುವುದು, ಬಿ.ಎ. ತರಗತಿಗೆ ಕೇಶಿರಾಜನನ್ನು ಬೋಧಿಸುವುದಕ್ಕಿಂತ ಕಷ್ಟ. ಚಿನ್ನದ ಅಂಚಿನ ಪಿಂಗಾಣಿಯೂ ಬೇಡವೆಂದಾಗಲಂತೂ ಮುನಿದರು. ಆ ಅಂಚೂ ಲೋಹವೇ ತಾನೆ! ಹಾಗೆಂದು ಹೋಟೆಲಿನಿಂದ ಬಂದ ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಗುವಿನ ಹಾಲಿಡಲು ನನಗೆ ಮನಸ್ಸೊಪ್ಪದು. ಬಿಸಿಗೆ ಅದರ ಅಂಶ ಆಹಾರಕ್ಕಿಳಿಯಬಲ್ಲುದು. ಶಾಖ ತಾಳುವ ಗಾಜಿನಲ್ಲಿ ಬೆಚ್ಚಗಾದ ಹಾಲನ್ನು ಚೆನ್ನಾಗಿ ಕಲಕಿ, ಬೆಳ್ಳಿಗೆ ಬಗ್ಗಿಸುವುದೆಂದು ಕಡೆಗೆ ರಾಜಿಯಾಯಿತು. ಗುರುತು ಕಾಣದ, ಅಂಚಿಲ್ಲದ ಪಿಂಗಾಣಿಯಾದರೆ, ಅದರ ಪಕ್ಕದಲ್ಲಿ ಅಂಥ ಗಾಜಿನ ಪಾತ್ರೆಯಲ್ಲಿ ನೀರಿಟ್ಟು 1 ನಿಮಿಷ ಒಲೆ ನಡೆಸಿ ನೋಡಿ: ನೀರು ಕಾದು ಬಟ್ಟಲು ತಣ್ಣಗಿದ್ದರೆ ಯೋಗ್ಯ, ಬಟ್ಟಲೇ ಕಾದರೆ ಅದನ್ನು ಉಪ್ಪಿನಕಾಯಿಗಿಡಿ.