ಹೆತ್ತೂರಿನ ನೆರಳಿಗೂ ಒಂದು ಇತಿಹಾಸ

ಸಕಲೇಶಪುರದಿಂದ ಹೆತ್ತೂರಿಗೆ ಬಸ್ಸಿನಲ್ಲಿ ಹೊರಟವರು ಕಿಟಕಿ ಪಕ್ಕದ ಸೀಟು ಹಿಡಿಯುವುದು ಒಳ್ಳೆಯದು. ಊರು ದಾಟಿದ ಮೇಲೆ ರಸ್ತೆ ತೋಟಗಳ ನಡುವೆ ಸುತ್ತಿ ಬಳಸಿ ಏರುತ್ತದೆ. ಮೇಲೆ ಗೋಣಿ, ಬಸರಿ, ಅತ್ತಿ, ಹಲಸಿನ ಮರಗಳು. ಅವುಗಳ ಮೈಗೆ ಮೆಣಸಿನ ಬಳ್ಳಿ. ಬುಡದಲ್ಲಿ ಕಾಫಿ ಗಿಡ. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಸಂಜೆಯ ತಂಪು. ಬಯಲುಸೀಮೆಯ ನೆಂಟರು ಬಂದಾಗ ‘ಎಷ್ಟು ಚೆನ್ನಾಗಿ ಕಾಡು ಉಳಿಸಿಕೊಂಡಿದ್ದೀರಿ’ ಎಂದು ಹೊಗಳುವುದುಂಟು. ನಾವೂ ಸುಮ್ಮನೆ ನಕ್ಕು ಹೊಗಳಿಕೆ ಸ್ವೀಕರಿಸುತ್ತೇವೆ. ನಿಜ ಹೇಳಬೇಕೆಂದರೆ ಆ ಮರಗಳು ಅಲ್ಲಿ ನಿಂತಿರುವುದರ ಹಿಂದೆ ಮಳೆ ಕೈಕೊಟ್ಟ ಕೆಲವು ವರ್ಷಗಳ ಕಥೆಯಿದೆ.

ಈ ಸೀಮೆಗೆ ಹಿಂದಿನ ಹೆಸರು ಮಂಜರಾಬಾದ್. ಟಿಪ್ಪು ಸುಲ್ತಾನ್ 1792ರ ಸುಮಾರಿಗೆ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಮಂಜಿನಲ್ಲಿ ಮುಳುಗಿದ್ದನ್ನು ಕಂಡು ಹಾಗೆ ಕರೆದ ಎಂದು ಹಿರಿಯರು ಹೇಳುತ್ತಾರೆ. ಇಂಗ್ಲಿಷ್ ತೋಟಗಾರರು ಇಲ್ಲಿಗೆ ಬಂದು ನೆಲೆಸಿದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಅವರಲ್ಲಿ ಅನೇಕರಿಗೆ ಮಾದರಿಯಾಗಿದ್ದುದು ಸಿಂಹಳ: ಕಾಡು ಕಡಿ, ಸುಡು, ಬಿಸಿಲಿಗೆ ಮೈಯೊಡ್ಡಿದ ಗುಡ್ಡದಲ್ಲಿ ಕಾಫಿ ನೆಡು. ಕೆಲವು ವರ್ಷ ಫಸಲೇನೋ ಚೆನ್ನಾಗಿಯೇ ಬಂತು. 1860ರ ದಶಕದ ನಡುವೆ ಮಳೆ ಕಡಿಮೆಯಾಗಿ ಬಿಸಿಲು ಹೆಚ್ಚಿದಾಗ ಗಿಡಗಳು ನಿಂತ ನಿಂತಲ್ಲೇ ಒಣಗತೊಡಗಿದವು.

ಕೊಂದದ್ದು ಬರೀ ಬಿಸಿಲಲ್ಲ. ಬಿಳಿ ಕಾಂಡಕೊರಕವೆಂಬ ದುಂಬಿಯ ಹುಳು. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ‘ಬೋರರ್’. ತಾಯಿದುಂಬಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಬಿಸಿಲು ಬಿದ್ದು ಬೆಚ್ಚಗಾದ ಕಾಂಡವೆಂದರೆ ಅದಕ್ಕೆ ಬಹಳ ಇಷ್ಟ. ಮೊಟ್ಟೆಯೊಡೆದು ಬಂದ ಹುಳು ಒಳಗೊಳಗೇ ಸುರಂಗ ಕೊರೆಯುತ್ತಾ ತಿಂಗಳುಗಟ್ಟಲೆ ಇರುತ್ತದೆ. ನೆರಳು ದಟ್ಟವಾಗಿದ್ದರೆ ದುಂಬಿಯ ಹಾರಾಟವೂ ಕಡಿಮೆ, ಮೊಟ್ಟೆಯೂ ಕಡಿಮೆ. ಒಣ ವರ್ಷ, ಬಯಲು ತೋಟ, ಈ ಎರಡೂ ಸೇರಿದರೆ ಅದಕ್ಕೆ ಹಬ್ಬ. ಇದನ್ನು ಪರಿಶೀಲಿಸಲು ಮದರಾಸು ಸರ್ಕಾರ ಡಾ. ಜಾರ್ಜ್ ಬಿಡೀ ಎಂಬ ವೈದ್ಯಾಧಿಕಾರಿಯನ್ನು ಕಳಿಸಿತು. 1869ರಲ್ಲಿ ಪ್ರಕಟವಾದ ಅವರ ವರದಿ ಬೆರಳು ತೋರಿಸಿದ್ದು ಮಳೆಯ ಕೊರತೆಯ ಕಡೆಗೆ ಮತ್ತು ಕಡಿದು ಹಾಕಿದ ನೆರಳಿನ ಕಡೆಗೆ.

ಆಗಿನ ‘ಚಿಕ್’ ಎಂಬ ತಳಿ ಹೆಚ್ಚುಕಡಿಮೆ ನೆಲ ಕಚ್ಚಿತು. ಕೊಡಗಿನಿಂದ ಬೇರೆ ಬೀಜ ತಂದು ಹೊಸದಾಗಿ ತೋಟ ಮಾಡಬೇಕಾಯಿತು. ಈ ಬಾರಿ ಮರಗಳನ್ನು ಬಿಟ್ಟುಕೊಂಡರು, ಇಲ್ಲದ ಕಡೆ ನೆಟ್ಟರು. ಮಂಜರಾಬಾದಿನಲ್ಲೇ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಯಾವ ಮರದ ನೆರಳು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದನ್ನೇ ಉದ್ದಕ್ಕೆ ಚರ್ಚಿಸಿದ್ದಾರೆ. ಬಸ್ಸಿನ ಕಿಟಕಿಯಲ್ಲಿ ಕಾಣುವ ‘ಕಾಡು’ ಬೆಳೆದದ್ದು ಹೀಗೆ. ಅತ್ತ ಸಿಂಹಳದಲ್ಲಿ 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕುರೋಗ ಕಾಫಿಯನ್ನು ಮುಗಿಸಿಬಿಟ್ಟಿತು. ಅವರು ಚಹಾಕ್ಕೆ ತಿರುಗಿದರು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ಅದಕ್ಕೆ ಕಾರಣವೂ ಹವಾಮಾನವೇ. ಆದರೆ ಅದು ನಮ್ಮ ಊರಿನದಲ್ಲ, ಬ್ರೆಜಿಲ್ ದೇಶದ್ದು. ಅಲ್ಲಿನ ಕಾಫಿ ಸೀಮೆ ಸಮಭಾಜಕ ವೃತ್ತದಿಂದ ಇಪ್ಪತ್ತು ಡಿಗ್ರಿಗೂ ಆಚೆ ದಕ್ಷಿಣಕ್ಕಿದೆ. ಜೂನ್, ಜುಲೈ ಅಲ್ಲಿ ಚಳಿಗಾಲ. ಧ್ರುವದ ಕಡೆಯಿಂದ ತಣ್ಣನೆಯ ಗಾಳಿ ಬಂದು, ಆಕಾಶ ನಿರ್ಮಲವಾಗಿ, ನೆಲದ ಶಾಖವೆಲ್ಲ ರಾತ್ರಿ ಮೇಲಕ್ಕೆ ಹೋಗಿಬಿಟ್ಟರೆ ಎಲೆಯ ಕೋಶಗಳಲ್ಲಿನ ನೀರು ಹೆಪ್ಪುಗಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ತೋಟ ಕಪ್ಪು. 1975ರ ಜುಲೈಯಲ್ಲಿ ಪರಾನಾ ರಾಜ್ಯದ ಕಾಫಿ ಹೀಗೇ ನಾಶವಾಯಿತು. 1994ರ ಜೂನ್ ಕೊನೆಯಲ್ಲಿ ಮತ್ತು ಜುಲೈಯಲ್ಲಿ ಎರಡು ಬಾರಿ ಮತ್ತೆ ಹಿಮ ಬಿತ್ತು. ಹೆತ್ತೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ನಮಗೆ ಅಂಥ ಚಳಿಯ ಭಯವಿಲ್ಲ.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿದ್ದಂದಿನಿಂದ ಬೆಲೆ ನೆಲ ಹಿಡಿದಿತ್ತು. ಬ್ರೆಜಿಲಿನ ಆ ಕೆಲವು ರಾತ್ರಿಗಳು ಅದನ್ನು ಎತ್ತಿ ನಿಲ್ಲಿಸಿದವು. ಕಾಫಿ ಮಂಡಳಿಯ ಹಿಡಿತವೂ ಆಗ ಸಡಿಲವಾಗುತ್ತಿತ್ತು; 1996ರ ಹೊತ್ತಿಗೆ ಬೆಳೆಗಾರರೆಲ್ಲ ಮುಕ್ತವಾಗಿ ಮಾರುವಂತಾಯಿತು. ಆ ಎರಡು ವರ್ಷಗಳಲ್ಲಿ ನಮ್ಮ ಸುತ್ತಮುತ್ತ ತಾರಸಿ ಮನೆಗಳೆದ್ದವು, ಜೀಪುಗಳು ಬಂದವು, ಮಕ್ಕಳು ಇಂಜಿನಿಯರಿಂಗ್ ಕಾಲೇಜಿಗೆ ಹೋದರು. ನನ್ನ ಬಿ.ಎಡ್. ಫೀಸು ಕಟ್ಟಿದ್ದೂ ಆ ಹಣದಲ್ಲೇ. ಬ್ರೆಜಿಲಿನ ಯಾವನೋ ರೈತ ಗಿಡ ಕಳೆದುಕೊಂಡು ಅತ್ತಿದ್ದಕ್ಕೆ ನಾನು ಮೇಷ್ಟರಾದೆ ಎಂದು ಮಕ್ಕಳಿಗೆ ಹೇಳಿದರೆ ಅವರು ನಗುತ್ತಾರೆ.

ಬೆಲೆ ಬಂದ ಮೇಲೆ ಇನ್ನಷ್ಟು ಬೆಳೆಯುವ ಆಸೆ. ‘ಬಿಸಿಲು ಬಿದ್ದರೆ ಕಾಯಿ ಜಾಸ್ತಿ ಕಣೋ’ ಎಂದು ಅಪ್ಪ ನಮ್ಮ ಮೂರು ಎಕರೆಯಲ್ಲಿ ಆರು ಮರ ಕಡಿಸಿದರು. ನಾನು ವಿಜ್ಞಾನ ಓದಿದವನು. ಪಕ್ಕದಲ್ಲೇ ನಿಂತಿದ್ದೆ, ಬೇಡ ಎನ್ನಲಿಲ್ಲ. ಎರಡು ವರ್ಷ ಕಾಯಿ ಜಾಸ್ತಿಯೇ ಬಂತು. ಆಮೇಲೆ ಅರೇಬಿಕಾ ಗಿಡಗಳ ಎಲೆ ಹಳದಿಯಾಯಿತು, ಕಾಂಡದ ಮೇಲೆ ಉಂಗುರದ ಹಾಗೆ ಉಬ್ಬಿದ ಗೆರೆಗಳು ಕಾಣಿಸಿದವು. ಕಿತ್ತು ಸುಡುವುದೊಂದೇ ದಾರಿ. ಸುಟ್ಟ ಗಿಡಗಳನ್ನು ಅಪ್ಪ ಲೆಕ್ಕ ಹಾಕುತ್ತಾ ಹೋದರು, ಇನ್ನೂರು ದಾಟಿದ ಮೇಲೆ ನಿಲ್ಲಿಸಿದರು. ಮರ ಕಡಿಸಿದ ಮಾತನ್ನು ಮತ್ತೆ ಇಬ್ಬರೂ ಎತ್ತಲಿಲ್ಲ.

ಹಾಗೆಂದು ನೆರಳು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ಮಳೆಗಾಲ ಹಿಡಿದು ಬಾರಿಸಿದರೆ ದಟ್ಟ ನೆರಳಿನಡಿ ಕೊಳೆರೋಗ ಬರುತ್ತದೆ. ಎಲೆ ಕಪ್ಪಾಗಿ ದಾರದಂಥ ಶಿಲೀಂಧ್ರದಲ್ಲಿ ನೇತಾಡುತ್ತದೆ. ಅದರ ವೈಜ್ಞಾನಿಕ ಹೆಸರಿನಲ್ಲೇ ‘ಕೊಳೆರೋಗ’ ಎಂಬ ನಮ್ಮ ಕನ್ನಡ ಪದ ಸೇರಿಕೊಂಡಿದೆ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಖುಷಿ. 2018ರ ಆಗಸ್ಟಿನಲ್ಲಿ ಕೊಡಗು, ಸಕಲೇಶಪುರದ ಗುಡ್ಡಗಳು ಜರಿದು, ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗ ವಾರಗಟ್ಟಲೆ ಮುಚ್ಚಿದ ಆ ಮಳೆಯಲ್ಲಿ ನಮ್ಮ ತೋಟದಲ್ಲೂ ಕಾಯಿ ಕೊಳೆತು ಉದುರಿ ನೆಲವೆಲ್ಲ ಕಪ್ಪಾಗಿತ್ತು. ಅದಕ್ಕೇ ಮಳೆಗೆ ಮುಂಚೆ ಮರಗಸಿ ಮಾಡುವುದು: ಮರ ಹತ್ತಿ ಕೊಂಬೆ ಸವರಿ ಬೆಳಕು ಬಿಡುವುದು. ಎಷ್ಟು ಸವರಬೇಕು ಎಂಬುದು ಬರಲಿರುವ ಮಳೆಯ ಮೇಲೆ ನಿಂತಿದೆ. ಆ ಮಳೆಯನ್ನು ಮುಂಚಿತವಾಗಿ ಕಂಡವರು ಯಾರು?

ಅಪ್ಪ ಈಗಿಲ್ಲ. ಕಡಿದ ಜಾಗದಲ್ಲಿ ನಾನು ನೆಟ್ಟ ಬಸರಿ, ಹಲಸು ಮೇಲೆದ್ದಿವೆ. ಹೋದ ಸಲ ಮರಗಸಿಗೆ ಬಂದ ಹುಡುಗ ಹಲಸಿನ ತುದಿಯಲ್ಲಿ ಕತ್ತಿ ಹಿಡಿದು ಕೂಗಿದ: ‘ಮೇಷ್ಟ್ರೇ, ಪಡುವಲ ಕಡೆ ಕೊಂಬೆ ಬಿಡ್ಲಾ, ಕಡೀಲಾ?’

ಬಿಸಲೆ ಘಾಟಿಯ ಕಡೆ ಮೋಡ ಕಟ್ಟುತ್ತಿತ್ತು. ಸ್ವಲ್ಪ ಹೊತ್ತು ನೋಡಿದೆ. ‘ಅರ್ಧ ಬಿಡು’ ಎಂದೆ.