ಅಪ್ಪನ ‘ಸಾ’ ಕಣ್ಣಿಗೆ ಕಂಡಾಗ

ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಕೊಂಡ ಆ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹಾನಗಲ್ಲಿಗೆ ತಂದೆ. ಕಾಲು ಜೋಮು ಹಿಡಿದಿತ್ತು. ಬಾಗಿಲಲ್ಲೇ ಅವ್ವ, “ಮತ್ತೇನ್ ಗಂಟುಬಿದ್ದು ತಂದೀಯೋ ತಮ್ಮಾ, ಹಳೇ ಟಿ.ವಿ. ಏನು?” ಅಂದಳು. ಅಪ್ಪ ತಲೆಯೆತ್ತಿ ನೋಡಲಿಲ್ಲ. ನಾನು ಬಂದದ್ದೇ ಅವನಿಗೆ ಕೇಳಿಸಿರಲಿಲ್ಲ.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾನೋ ಬಿ.ಇ.ನೋ ಮಾಡಿದವರಿಗೆ ಆಸಿಲೋಸ್ಕೋಪ್ ನೆನಪಿರುತ್ತದೆ. ಹಸಿರು ಪರದೆ, ಅದರ ಮೇಲೆ ಓಡುವ ಗೆರೆ, ಜರ್ನಲ್‌ಗೆ ಸಹಿ ಬಿದ್ದರೆ ಮುಗಿಯಿತು. ಅದರಲ್ಲಿ ‘ಎಕ್ಸ್-ವೈ’ ಅಂತ ಒಂದು ಆಯ್ಕೆ ಇರುತ್ತದೆ. ಮಾಮೂಲಾಗಿ ಚುಕ್ಕಿ ತಾನಾಗಿ ಎಡದಿಂದ ಬಲಕ್ಕೆ ಓಡುತ್ತಿರುತ್ತದೆ, ಸಿಗ್ನಲ್ ಅದನ್ನು ಮೇಲೆ ಕೆಳಗೆ ಎಳೆಯುತ್ತದೆ. ಎಕ್ಸ್-ವೈ ಒತ್ತಿದರೆ ಆ ಓಟ ನಿಲ್ಲುತ್ತದೆ. ಒಂದು ಸಿಗ್ನಲ್ ಅಡ್ಡಕ್ಕೆ ಎಳೆಯುತ್ತದೆ, ಇನ್ನೊಂದು ಉದ್ದಕ್ಕೆ. ಇಯರ್‌ಫೋನಿನ ಎಡಗಡೆಯ ಶಬ್ದವನ್ನು ಒಂದಕ್ಕೆ, ಬಲಗಡೆಯದನ್ನು ಇನ್ನೊಂದಕ್ಕೆ ಕೊಟ್ಟರೆ, ಕೇಳುವ ಶಬ್ದವೇ ಚಿತ್ರವಾಗುತ್ತದೆ. ಇಷ್ಟೇ ಸಂಗತಿ. ಆದರೆ ಇದರ ಹುಚ್ಚು ಹತ್ತಿದರೆ ಬಿಡುವುದಿಲ್ಲ.

ಹೊಸ ಫೋನುಗಳಲ್ಲಿ ಇಯರ್‌ಫೋನ್ ತೂತೇ ಇಲ್ಲವಲ್ಲ, ಕಪಾಟಿನ ಹಳೆಯ ಫೋನು ಕೆಲಸಕ್ಕೆ ಬಂತು. ಎರಡೂ ಕಡೆ ಒಂದೇ ಸ್ವರ, ಆದರೆ ಬಲಗಡೆಯದು ಕಾಲು ಸುತ್ತು ಹಿಂದೆ: ಪರದೆ ಮೇಲೆ ದುಂಡಗಿನ ವೃತ್ತ. ಕೇಳಲು ಕೊಳಲಿನ ಹಾಗೆ ಮೆತ್ತಗೆ. ಚೌಕ ಬರೆದರೆ ಅದೇ ಸ್ವರ ಕರ್ಕಶವಾಗುತ್ತದೆ, ಮೂಲೆಗಳು ಕಿವಿಗೂ ಚುಚ್ಚುತ್ತವೆ. ಚಿತ್ರ ಮಿಣುಕದೆ ನಿಲ್ಲಬೇಕಾದರೆ ಚುಕ್ಕಿ ಸೆಕೆಂಡಿಗೆ ಐವತ್ತು ಸಲವಾದರೂ ಅದೇ ದಾರಿ ತುಳಿಯಬೇಕು. ಫೋನು ಸೆಕೆಂಡಿಗೆ 48,000 ಬಿಂದು ಕೊಡುತ್ತದೆ; ಅಂದರೆ ಒಂದು ಚಿತ್ರಕ್ಕೆ ನಿಮಗೆ ಸಿಗುವುದು 960 ಬಿಂದು. ಕಂಜೂಸಿಯಿಂದ ಬರೆಯಬೇಕು. ಎಂ.ಪಿ.3 ಮಾಡಿದರೆ ಚಿತ್ರ ಕದಡುತ್ತದೆ, ವೇವ್ ಫೈಲೇ ಆಗಬೇಕು.

ಅವ್ವ ಕೈ ಒರೆಸಿಕೊಂಡು ಬಂದು ನೋಡಿದಳು. ನಾನು ಎರಡು ಪಕಳೆ ಪಕ್ಕಪಕ್ಕ ಬರೆದಿದ್ದೆ, ನಡುವೆ ತೆಳ್ಳನೆ ಗೆರೆ ಉಳಿದಿತ್ತು. “ಕೈ ಎತ್ತಾಕ ಬರೂದಿಲ್ಲೇನು ಇದಕ್ಕ?” ಅಂದಳು. ಬರುವುದಿಲ್ಲ. ಚುಕ್ಕಿ ಎಲ್ಲಿಗೆ ಹೋದರೂ ಸುಳಿವು ಬಿಟ್ಟೇ ಹೋಗುತ್ತದೆ. “ಹಂಗಾರ ಎಳಿ ಮುರೀದಂಗ ಹಾಕು, ನಾವು ರಂಗೋಲಿ ಹಾಕೂದಿಲ್ಲೇನು?” ಒಂದು ವಾರ ಟ್ಯುಟೋರಿಯಲ್ ನೋಡಿದರೂ ಹೊಳೆಯದ್ದು ಅವಳಿಗೆ ನಿಂತಲ್ಲೇ ಹೊಳೆಯಿತು.

ಇದೇನೂ ಹೊಸ ಆಟವಲ್ಲ. ಫ್ರಾನ್ಸಿನ ಲಿಸಾಜು 1857ರಲ್ಲಿ ಶ್ರುತಿಕವೆಗಳಿಗೆ ಪುಟ್ಟ ಕನ್ನಡಿ ಅಂಟಿಸಿ, ಬೆಳಕಿನ ಕಿರಣದಿಂದ ಇವೇ ಆಕಾರ ತೋರಿಸಿದ್ದ. 1950ರ ದಶಕದಲ್ಲಿ ಅಮೆರಿಕದ ಬೆನ್ ಲಪೋಸ್ಕಿ ಆಸಿಲೋಸ್ಕೋಪ್ ಪರದೆಯ ಫೋಟೊ ತೆಗೆದು ಕಲೆ ಅಂತ ಪ್ರದರ್ಶಿಸಿದ. ಈಗಿನವರಲ್ಲಿ ಆಸ್ಟ್ರಿಯಾದ ಜೆರೊಬೀಮ್ ಫೆಂಡರ್‌ಸನ್ ಇಡೀ ಆಲ್ಬಮ್ಮನ್ನೇ ಹೀಗೆ ಮಾಡಿದ್ದಾನೆ; ಅಲ್ಲಿ ಚಿತ್ರ ಬೇರೆ ಸಂಗೀತ ಬೇರೆ ಇಲ್ಲ. ನನ್ನ ಆಸೆ ಅಷ್ಟು ದೊಡ್ಡದಿರಲಿಲ್ಲ. ನಮ್ಮೂರ ತಾರಕೇಶ್ವರ ಗುಡಿಯ ಛತ್ತಿನಲ್ಲಿ ಕಲ್ಲಿನ ತಾವರೆಯಿದೆ. ಸಣ್ಣವನಿದ್ದಾಗ ಕುತ್ತಿಗೆ ನೋಯುವವರೆಗೂ ನೋಡುತ್ತಿದ್ದೆ. ಅದನ್ನು ಶಬ್ದದಲ್ಲಿ ಬರೆಯಬೇಕಿತ್ತು. 100 ಹರ್ಟ್ಸ್‌ನ ಒಂದು ವೃತ್ತ, ಅದರ ಮೇಲೆ ಹಿಮ್ಮುಖವಾಗಿ ತಿರುಗುವ 700 ಹರ್ಟ್ಸ್‌ನ ಸಣ್ಣ ವೃತ್ತ. ಎರಡೂ ಕೂಡಿದರೆ ಎಂಟು ದಳ. 700ರ ಬದಲು 701 ಕೊಟ್ಟರೆ ಹೂ ಮೆಲ್ಲಗೆ ತಿರುಗತೊಡಗುತ್ತದೆ. ಕಲ್ಲಿನದರ ಮುಂದೆ ಇದು ಏನೇನೂ ಅಲ್ಲ ಬಿಡಿ, ಆದರೂ ರಾತ್ರಿ ಲೈಟು ಆರಿಸಿ ಅದನ್ನೇ ನೋಡುತ್ತ ಕೂತಿದ್ದೆ. ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ಅಪ್ಪ.

ಅಪ್ಪನ ಬಗ್ಗೆ ಹೇಳಬೇಕು. ನಲವತ್ತು ವರ್ಷ ಭಜನಿ ಮೇಳದಲ್ಲಿ ಹಾಡಿದವನು. ಶಿಗ್ಗಾವಿ ಕಡೆಯ ಶಿಶುನಾಳದಲ್ಲಿ ಷರೀಫರ ಪದ, ಸವಣೂರು, ಹಿರೇಕೆರೂರು ಕಡೆ ಅಹೋರಾತ್ರಿ ಭಜನಿ. ಶಾಸ್ತ್ರೀಯ ಕಲಿತವನಲ್ಲ, ಆದರೆ ರೇಡಿಯೊದಲ್ಲಿ ಗಂಗೂಬಾಯಿ ಹಾನಗಲ್ ಬಂದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. “ಆಕಿ ‘ಸಾ’ ಹಚ್ಚಿದ್ಲಂದ್ರ ಗ್ವಾಡಿಗೆ ಮಳಿ ಹೊಡದಂಗ” ಅನ್ನುತ್ತಿದ್ದ. ಅರವತ್ತು ದಾಟಿದ ಮೇಲೆ ಕಿವಿ ಹೋಗತೊಡಗಿತು. ಬರೀ ಕಡಿಮೆ ಕೇಳುವುದಷ್ಟೇ ಅಲ್ಲ, ಒಂದೇ ಸ್ವರ ಎಡಗಿವಿಗೆ ಒಂದು ಥರ, ಬಲಗಿವಿಗೆ ಇನ್ನೊಂದು ಥರ. ಇಂಥದ್ದೂ ಉಂಟು ಎಂದರು ಡಾಕ್ಟರು. ಶ್ರವಣಯಂತ್ರ ಮಾತಿಗೆ ಸರಿ, ಹಾಡಿಗೆ ಒಗ್ಗಲಿಲ್ಲ, ಕಪಾಟು ಸೇರಿತು. ಎರಡು ವರ್ಷದ ಹಿಂದೆ ಒಂದು ಭಜನಿಯಲ್ಲಿ ಅಪ್ಪ ಹಾಡುತ್ತಿದ್ದಾಗ ಯಾರೋ ಮೆಲ್ಲಗೆ ಅವನ ಮೈಕಿನ ದನಿ ಇಳಿಸಿದರು. ಅಪ್ಪನಿಗೆ ಗೊತ್ತಾಗಲಿಲ್ಲ. ಪದ ಮುಗಿದಾಗ ಎದುರಿಗೆ ಕೂತವರ ಮುಖ ನೋಡಿ ಗೊತ್ತಾಯಿತು. ಅವತ್ತಿನಿಂದ ಹಾಡಿಲ್ಲ. ನಾನು ಅವತ್ತು ಅಲ್ಲೇ ಇದ್ದೆ, ದನಿ ಇಳಿಸಿದ್ದನ್ನು ನೋಡಿದ್ದೆ. ಸುಮ್ಮನಿದ್ದೆ.

“ಇದು ಏನರ ಹಾಡಿನದಾ?” ಅಂತ ಕೇಳಿದ ಅಪ್ಪ, ಹೂವಿನ ಕಡೆ ಕೈ ಮಾಡಿ. ಹೌದು ಅಂತ ತಲೆಯಾಡಿಸಿದೆ. ಆಗ ಹೊಳೆಯಿತು.

ಮರುದಿನ ಮೇಳದ ಹಳೆಯ ಆಂಪ್ಲಿಫೈಯರ್ ಕೇಳಿ ತಂದೆ. ಫೋನಿನಿಂದ ಕರಿ ಒಂದರ ‘ಸಾ’, ಅಂದರೆ ಸುಮಾರು 138.6 ಹರ್ಟ್ಸ್, ಅಡ್ಡ ಗೆರೆಗೆ. ಮೈಕು ಉದ್ದ ಗೆರೆಗೆ. ಫೋನಿನ ಸ್ವರ ಯಾರಿಗೂ ಕೇಳಿಸಬೇಕಿಲ್ಲ, ವೈರಿನಲ್ಲೇ ಹೋಗುತ್ತದೆ. ಎರಡೂ ಒಂದೇ ಆದರೆ ಓರೆಯಾದ ಮೊಟ್ಟೆಯಾಕಾರ ಬಂದು ಕದಲದೆ ನಿಲ್ಲುತ್ತದೆ. ಒಂದು ಹರ್ಟ್ಸ್ ಹೆಚ್ಚುಕಮ್ಮಿಯಾದರೂ ಸೆಕೆಂಡಿಗೊಂದು ಸಲ ಹೊರಳುತ್ತದೆ. ಇದನ್ನೆಲ್ಲ ಹಾಳೆಯ ಮೇಲೆ ಬರೆದು ತೋರಿಸಿದೆ.

ಅಪ್ಪ ಮೈಕು ಮುಟ್ಟಲಿಲ್ಲ. ಒಂದು ತಾಸು ಹೊರಗೆ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿ, ಉಗುಳಿ, ಬಾಯಿ ತೊಳೆದು ಬಂದ. ಕೂತ. “ಊ” ಅಂದ. ಪರದೆಯ ಮೇಲೆ ಗೆರೆಗಳು ಗಿರಗಿರ. ಸ್ವಲ್ಪ ಏರಿಸಿದ, ಇನ್ನೂ ಜೋರಾಗಿ ಹೊರಳಿತು. ಇಳಿಸಿದ. ಹೊರಳು ನಿಧಾನವಾಯಿತು, ಇನ್ನೂ ನಿಧಾನ, ಮತ್ತೆ ನಿಂತಿತು. ಉಸಿರು ಮುಗಿಯುವವರೆಗೂ ನಿಂತಿತ್ತು. ಅವ್ವ ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದಳು.

“ಪಾ ಹಚ್ಚಲೇನು?” ಅಂದ. ‘ಪಾ’ ಸೇರಿದಾಗ ಮೇಲೆ ಮೂರು ಬಾಗು, ಬದಿಗೆ ಎರಡು. ಮೂರಕ್ಕೆರಡು ಅಂತ ನಾವು ಪುಸ್ತಕದಲ್ಲಿ ಓದಿದ್ದು. ಮೇಲಿನ ‘ಸಾ’ಗೆ ಅಡ್ಡ ಮಲಗಿದ ಎಂಟು. ಅಪ್ಪ ಮಗ್ಗಿ ಕಲಿತ ಹುಡುಗನ ಹಾಗೆ ಮತ್ತೆ ಮತ್ತೆ ಮಾಡಿದ.

ಪವಾಡ ಏನೂ ಆಗಲಿಲ್ಲ. ಪದ ಹಾಡಿದರೆ ಆಕಾರ ಗೋಜಲಾಗುತ್ತದೆ. ಆ, ಈ ಅಂದರೆ ದನಿಯೊಳಗಿನ ಉಪಸ್ವರಗಳೆಲ್ಲ ಗಂಟುಬೀಳುತ್ತವೆ, ಅಕ್ಷರ ಬದಲಾದ ಹಾಗೆ ಗಂಟೂ ಬದಲಾಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿದರಂತೂ ಕಾಗೆ ಕಾಲು ಗುಬ್ಬಿ ಕಾಲು. ಅಪ್ಪ ಸಿಟ್ಟಾಗಿ ಒಂದು ಸಲ ಸ್ವಿಚ್ಚೇ ಆರಿಸಿದ್ದ. ಮೇಳಕ್ಕೂ ಇನ್ನೂ ಹೋಗಿಲ್ಲ, ಹೋಗು ಅಂತ ನಾನು ಹೇಳುವುದೂ ಇಲ್ಲ.

ನಾನು ಬೆಂಗಳೂರಿಗೆ ಬರುವಾಗ ಡಬ್ಬಿ ಅಲ್ಲೇ ಬಿಟ್ಟುಬಂದೆ. ಚುಕ್ಕಿಯನ್ನು ಒಂದೇ ಕಡೆ ಬಹಳ ಹೊತ್ತು ನಿಲ್ಲಿಸಬೇಡ, ಪರದೆ ಸುಡುತ್ತದೆ. ಹಿಂದಿನ ಮುಚ್ಚಳ ಬಿಚ್ಚಬೇಡ, ಒಳಗೆ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಹೋದ ಭಾನುವಾರ ವಿಡಿಯೊ ಕಾಲ್ ಬಂತು. ಅವ್ವ ಫೋನು ಹಿಡಿದಿದ್ದಳು.

“ಗೆರಿ ಸಣ್ಣ ಕಾಣಾಕತ್ತೈತಿ ಅಂತಾನ ನಿಮ್ಮಪ್ಪ, ಯಾವ ಗುಂಡಿ ತಿರುವಬೇಕು?”

ಎಡಗಡೆ ಮೇಲಿಂದು ಅಂದೆ. ಅವ್ವ ಅಪ್ಪನ ಕಿವಿಯ ಹತ್ತಿರ ಕೂಗಿ ಹೇಳಿದಳು. ಅವನು ತಿರುವಿದ, ಮೈಕು ಹತ್ತಿರ ಎಳೆದುಕೊಂಡ, ಗಂಟಲು ಸರಿಮಾಡಿಕೊಂಡ.